ಆರೋಗ್ಯದ ಕಣ್ಗಾವಲಿಗೆ ಬಜೆಟ್‌ನಲ್ಲಿ ಜಾಗ ಎಲ್ಲಿ?

2025ರ ಜುಲೈ ಮೊದಲ ವಾರಗಳಲ್ಲಿ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವಷ್ಟರಲ್ಲಿ ಉದ್ದನೆಯ ಸಾಲು ನಿಂತಿರುತ್ತಿತ್ತು. ಸಾಲಿನಲ್ಲಿದ್ದ ಕೆಲವರಿಗೆ ನಿಜಕ್ಕೂ ಎದೆನೋವಿತ್ತು. ಉಳಿದವರಿಗೆ ಇದ್ದದ್ದು ಭಯ. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ಸತ್ತರು, ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು ಎಂಬ ಸುದ್ದಿ ಟಿ.ವಿ.ಯಲ್ಲೂ ಮೊಬೈಲಿನಲ್ಲೂ ದಿನವಿಡೀ ಓಡುತ್ತಿತ್ತು. ಕೋವಿಡ್ ಲಸಿಕೆಯೇ ಇದಕ್ಕೆ ಕಾರಣವೇ ಎಂಬ ಚರ್ಚೆ ಹಳ್ಳಿಯ ಅರಳಿಕಟ್ಟೆಯಿಂದ ವಿಧಾನಸೌಧದವರೆಗೂ ಹೋಯಿತು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಹೃದಯಾಘಾತದ ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ, ಲಸಿಕೆಗೂ ಇದಕ್ಕೂ ನಂಟಿಲ್ಲ ಎಂದಿತು.

ಸಮಿತಿ ಹೇಳಿದ್ದು ಸಮಾಧಾನದ ಮಾತೇ. ಆದರೆ ಅದನ್ನು ಹೇಳುವುದಕ್ಕೆ ಒಂದು ಸಮಿತಿಯೇ ಬೇಕಾಯಿತು ಎನ್ನುವುದನ್ನು ಯಾರೂ ಹೆಚ್ಚು ಹೊತ್ತು ಯೋಚಿಸಲಿಲ್ಲ. ಹಾಸನದಲ್ಲಿ ಸಾಮಾನ್ಯವಾಗಿ ಒಂದು ತಿಂಗಳಿಗೆ ನಲವತ್ತೈದು ವರ್ಷದೊಳಗಿನ ಎಷ್ಟು ಮಂದಿ ಹೃದಯಾಘಾತದಿಂದ ಸಾಯುತ್ತಾರೆ? ಹಿಂದಿನ ವರ್ಷ ಎಷ್ಟಿತ್ತು? ಪಕ್ಕದ ಚಿಕ್ಕಮಗಳೂರಿನಲ್ಲಿ ಎಷ್ಟು? ಈ ಅಂಕಿಗಳು ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಇದ್ದಿದ್ದರೆ ಪುಕಾರು ಎರಡನೇ ದಿನಕ್ಕೇ ತಣ್ಣಗಾಗುತ್ತಿತ್ತು. ಇಡೀ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ 22.5ರಷ್ಟನ್ನು ಮಾತ್ರ. ಮನೆಯಲ್ಲೇ ಸತ್ತವರ ಬಗ್ಗೆ ದಾಖಲೆ ಹೇಳುವುದು ಅವರು ಸತ್ತರು ಎಂಬುದನ್ನಷ್ಟೇ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಸರ್ಕಾರ ಆಮೇಲೆ ಹೇಳಿತು. ಸರಿ. ವರದಿಯನ್ನು ಯಾರು ಬರೆಯಬೇಕು, ಯಾರು ಓದಬೇಕು, ಅವರಿಗೆ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ?

ರಾಜ್ಯಮಟ್ಟದ ಸಾರ್ವಜನಿಕ ಆರೋಗ್ಯ ಜಾಲ ಎಂದಾಗ ನಿಜವಾಗಿ ಕೇಳಬೇಕಾದ್ದು ಈ ಕೊನೆಯ ಪ್ರಶ್ನೆಯನ್ನೇ.

ಜಾಲ ಎಂದರೆ ಆಸ್ಪತ್ರೆಗಳ ಸರಣಿ ಅಲ್ಲ. ಆ ಸರಣಿ ಕರ್ನಾಟಕದಲ್ಲಿ ಈಗಾಗಲೇ ಇದೆ: ಎರಡು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಎಂಟು ಸಾವಿರಕ್ಕೂ ಹೆಚ್ಚು ಉಪಕೇಂದ್ರಗಳು, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು, ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು. ಕಾಯಿಲೆ ಬಂದವನು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಈ ಸರಣಿ ಹೇಗೋ ಉತ್ತರ ಕೊಡುತ್ತದೆ. ಕಾಯಿಲೆ ಎಲ್ಲಿಂದ ಬಂತು, ಮುಂದೆ ಯಾರಿಗೆ ಬರಲಿದೆ, ಊರಿನ ನೀರಿನ ಟ್ಯಾಂಕಿನಲ್ಲಿ ಏನಿದೆ, ಕಳೆದ ವಾರಕ್ಕಿಂತ ಈ ವಾರ ಜ್ವರದ ಚೀಟಿಗಳು ಯಾಕೆ ಹೆಚ್ಚಾದವು ಎಂದು ಕೇಳುವವರು ಬೇರೆ. ಅವರು ಸಾಂಕ್ರಾಮಿಕ ರೋಗ ತಜ್ಞರು, ಕೀಟಶಾಸ್ತ್ರಜ್ಞರು, ಆರೋಗ್ಯ ನಿರೀಕ್ಷಣಾಧಿಕಾರಿಗಳು, ಲ್ಯಾಬ್ ತಂತ್ರಜ್ಞರು, ಅಂಕಿ-ಅಂಶ ನೋಡುವವರು. ಹಳ್ಳಿಯಿಂದ ರಾಜಧಾನಿಯವರೆಗೆ ಇವರನ್ನು ಒಂದೇ ದಾರದಲ್ಲಿ ಪೋಣಿಸಿದರೆ ಅದು ಜಾಲ. ಅದರ ತುಂಡುಗಳು ಇಲ್ಲಿ ಇಲ್ಲದಿಲ್ಲ. ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ 2004ರಲ್ಲಿ ಶುರುವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2018ರಲ್ಲಿ ಆ ಯೋಜನೆ ಡಿಜಿಟಲ್ ರೂಪಕ್ಕೆ ಬಂದಾಗ ಮೊದಲು ಪ್ರಯೋಗ ಮಾಡಿದ ಏಳು ರಾಜ್ಯಗಳಲ್ಲೂ ಕರ್ನಾಟಕ ಇತ್ತು. ಪ್ರತಿ ಜಿಲ್ಲೆಗೂ ಒಬ್ಬ ಸರ್ವೇಕ್ಷಣಾಧಿಕಾರಿ ಇದ್ದಾರೆ. ಇಲ್ಲದಿರುವುದು ಅವರ ಕೈಕೆಳಗೆ ಕಾಯಂ ಆಗಿ ನಿಲ್ಲುವ ಜನ, ಅವರ ಮೇಲೆ ಉತ್ತರದಾಯಿಯಾದ ಒಂದು ನಿರ್ದೇಶನಾಲಯ, ಮತ್ತು ಇವೆಲ್ಲಕ್ಕೂ ಬಜೆಟ್‌ನಲ್ಲಿ ಅಳಿಸಲಾಗದ ಒಂದು ಸಾಲು.

ಇನ್ನು ಹಣದ ಮಾತು. 2025–26ರ ಕರ್ನಾಟಕ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣಕ್ಕೆ ಅದರಲ್ಲಿ ಮೀಸಲಿಟ್ಟದ್ದು 17,473 ಕೋಟಿ, ಅಂದರೆ ನೂರಕ್ಕೆ ನಾಲ್ಕು ರೂಪಾಯಿ ಮತ್ತು ಚಿಲ್ಲರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ರಾಜ್ಯಗಳು ತಮ್ಮ ಬಜೆಟ್‌ನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಕೊಡಬೇಕು, ಅದೂ 2020ರೊಳಗೆ ಎಂದಿತ್ತು. 15ನೇ ಹಣಕಾಸು ಆಯೋಗ ಅದೇ ಮಾತನ್ನು 2022ರ ಗಡುವಿನೊಂದಿಗೆ ಹೇಳಿತು. ಆ ಲೆಕ್ಕದಲ್ಲಿ ಕರ್ನಾಟಕ ಕೊಡಬೇಕಾದದ್ದು 32 ಸಾವಿರ ಕೋಟಿಗೂ ಮೇಲೆ. ಕುಡಿಯುವ ನೀರು, ಅಂಗನವಾಡಿ, ನೈರ್ಮಲ್ಯದಂಥ ಬಾಬ್ತುಗಳು ಬೇರೆ ಇಲಾಖೆಗಳಲ್ಲಿ ಇರುವುದರಿಂದ ಈ ಹೋಲಿಕೆ ತಕ್ಕಡಿಗೆ ತಕ್ಕಡಿ ಸರಿ ಹೊಂದುವುದಿಲ್ಲ, ನಿಜ. ಆದರೂ ಅಂತರ ಅರ್ಧಕ್ಕರ್ಧ. ಆ ಎರಡೂ ದಾಖಲೆಗಳು ಇನ್ನೊಂದು ಮಾತು ಹೇಳಿದ್ದವು: ಆರೋಗ್ಯಕ್ಕಾಗಿ ಮಾಡುವ ವೆಚ್ಚದ ಮೂರನೇ ಎರಡು ಭಾಗ ಪ್ರಾಥಮಿಕ ಹಂತಕ್ಕೆ ಹೋಗಬೇಕು ಎಂದು. ಶೇ 8ರ ಗುರಿಯನ್ನು ವಿರೋಧ ಪಕ್ಷದವರು ಸದನದಲ್ಲಿ ಆಗಾಗ ನೆನಪಿಸುತ್ತಾರೆ. ಮೂರನೇ ಎರಡರ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಹಾಗಾದರೆ ಜಾಲಕ್ಕೆ ಎಷ್ಟು ಬೇಕು? ಸರ್ಕಾರಿ ಅಂದಾಜಿಗೆ ಕಾಯದೆ ಒಂದು ಒರಟು ಲೆಕ್ಕ ಹಾಕಬಹುದು. ರಾಜ್ಯದಲ್ಲಿ ಸುಮಾರು 240 ತಾಲ್ಲೂಕುಗಳಿವೆ ಎಂದಿಟ್ಟುಕೊಳ್ಳೋಣ. ಒಂದೊಂದಕ್ಕೂ ನಾಲ್ಕು ಜನರ ಒಂದು ಘಟಕ: ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಓದಿದ ವೈದ್ಯರೊಬ್ಬರು, ಒಬ್ಬ ಹಿರಿಯ ಆರೋಗ್ಯ ನಿರೀಕ್ಷಣಾಧಿಕಾರಿ, ಒಬ್ಬ ಲ್ಯಾಬ್ ತಂತ್ರಜ್ಞ, ಅಂಕಿ-ಅಂಶ ನೋಡಲು ಒಬ್ಬರು. ಸಂಬಳ, ಓಡಾಟ, ಪರೀಕ್ಷಾ ಸಾಮಗ್ರಿ ಎಲ್ಲ ಸೇರಿ ಘಟಕಕ್ಕೆ ತಿಂಗಳಿಗೆ ಮೂರೂಕಾಲು ಲಕ್ಷ ಎಂದು ಹಿಡಿದರೆ ವರ್ಷಕ್ಕೆ 39 ಲಕ್ಷ. 240 ತಾಲ್ಲೂಕಿಗೆ ಸುಮಾರು 94 ಕೋಟಿ. 31 ಜಿಲ್ಲೆಗಳಿಗೂ ಒಂದೊಂದು ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ನಡೆಸಲು ತಲಾ ಎರಡೂವರೆ ಕೋಟಿಯಂತೆ 78 ಕೋಟಿ. ರಾಜ್ಯಮಟ್ಟದ ನಿರ್ದೇಶನಾಲಯ, ತರಬೇತಿ, ತಂತ್ರಾಂಶಕ್ಕೆ 28 ಕೋಟಿ. ಒಟ್ಟು 200 ಕೋಟಿ. ಇದು ಅಂದಾಜಷ್ಟೇ. ಯಾರಾದರೂ ಇದನ್ನು 300 ಕೋಟಿಗೆ ಏರಿಸಿದರೂ ಜಗಳವಿಲ್ಲ. 200 ಕೋಟಿ ಎಂದರೆ 2025–26ರ ಆರೋಗ್ಯ ಬಜೆಟ್‌ನ ಶೇ 1ಕ್ಕಿಂತ ತುಸು ಹೆಚ್ಚು. ರಾಜ್ಯದ ಪ್ರತಿಯೊಬ್ಬರಿಗೂ ಹಂಚಿದರೆ ವರ್ಷಕ್ಕೆ ತಲಾ 30 ರೂಪಾಯಿ ಮುಟ್ಟುವುದಿಲ್ಲ. ಐದು ಗ್ಯಾರಂಟಿಗಳಿಗೆ ಅದೇ ಬಜೆಟ್ ಇಟ್ಟದ್ದು 51,034 ಕೋಟಿ. ಗ್ಯಾರಂಟಿ ಬೇಡ ಎನ್ನಲು ಈ ಹೋಲಿಕೆ ಅಲ್ಲ. ಹಣವಿಲ್ಲ ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ ಎನ್ನಲು.

ಅಡ್ಡಿ ಮೊತ್ತದಲ್ಲಿಲ್ಲ, ಆ ಹಣದ ಸ್ವಭಾವದಲ್ಲಿದೆ. ಈ 200 ಕೋಟಿಯ ಬಹುಪಾಲು ಸಂಬಳ. ಆರ್ಥಿಕ ಇಲಾಖೆಯ ಕಡತದಲ್ಲಿ ‘ಹೊಸ ಹುದ್ದೆ ಸೃಜನೆ’ ಎಂಬ ಪದ ಕಂಡರೆ ಸಹಮತಿಯ ಷರಾ ಬೀಳುವುದು ಕಷ್ಟ. ಅದಕ್ಕೆ ಕಾರಣವೂ ಇದೆ. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಏಳನೇ ವೇತನ ಆಯೋಗದ ಶಿಫಾರಸು ರಾಜ್ಯದ ಮೇಲೆ ಹೊರಿಸಿದ ಹೆಚ್ಚುವರಿ ಹೊರೆ ವರ್ಷಕ್ಕೆ 20 ಸಾವಿರ ಕೋಟಿಗೂ ಮೇಲೆ. ಇವತ್ತು ಒಂದು ಹುದ್ದೆ ತುಂಬಿದರೆ ಮೂವತ್ತು ವರ್ಷ ಸಂಬಳ, ಆಮೇಲೆ ಪಿಂಚಣಿ. ತುಟ್ಟಿಭತ್ಯೆ, ಬಡ್ತಿ ಸೇರಿ ವೇತನ ವೆಚ್ಚ ವರ್ಷಕ್ಕೆ ಶೇ 8ರಂತೆ ಏರಿದರೂ ಇವತ್ತಿನ 200 ಕೋಟಿ ಒಂಬತ್ತು ವರ್ಷದಲ್ಲಿ 400 ಕೋಟಿ. ಜಾಲ ಬೇಕು ಎನ್ನುವವರು ಈ ಸಂಖ್ಯೆಯನ್ನು ಮುಚ್ಚಿಡಬಾರದು.

ಆದರೆ ಆರ್ಥಿಕ ಇಲಾಖೆಯ ಈ ಎಚ್ಚರಿಕೆ ಕಟ್ಟಡದ ವಿಷಯದಲ್ಲಿ ಮಾಯವಾಗುತ್ತದೆ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು ತಂದ ರಾಜ್ಯ ಕರ್ನಾಟಕ, 2002ರಲ್ಲಿ. ಆ ಶಿಸ್ತಿನ ಲೆಕ್ಕದಲ್ಲಿ ಸಂಬಳ ರಾಜಸ್ವ ವೆಚ್ಚ, ಕಟ್ಟಡ ಬಂಡವಾಳ ವೆಚ್ಚ. ರಾಜಸ್ವ ಕೊರತೆ ಕೆಟ್ಟದ್ದು, ಬಂಡವಾಳ ವೆಚ್ಚ ಒಳ್ಳೆಯದು ಎನ್ನುವುದು ಬಜೆಟ್ ಭಾಷಣದ ವ್ಯಾಕರಣ. 2025–26ರಲ್ಲಿ 19 ಸಾವಿರ ಕೋಟಿ ದಾಟಿದ ರಾಜಸ್ವ ಕೊರತೆ ತೋರಿಸಿದ ಸರ್ಕಾರಕ್ಕೆ ಇನ್ನೂರು ಕೋಟಿಯ ಸಂಬಳ ತಲೆನೋವು. ಅದೇ ಇನ್ನೂರು ಕೋಟಿಯ ಕಟ್ಟಡ ಸಾಧನೆ. ಕಟ್ಟಡಕ್ಕೆ ಶಿಲಾನ್ಯಾಸವಿದೆ, ಉದ್ಘಾಟನೆಯಿದೆ, ಎರಡು ಸಲ ಹೆಸರು ಕೆತ್ತಿಸುವ ಅವಕಾಶವಿದೆ. ಡೆಂಗಿ ಬಾರದಿದ್ದ ವಾರಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಹೀಗಾಗಿಯೇ ಹೊಸ ಬಣ್ಣ ಬಳಿದ ಆರೋಗ್ಯ ಕೇಂದ್ರದ ಬಾಗಿಲು ತೆಗೆದರೆ ಒಳಗೆ ಒಂದು ಖಾಲಿ ಕುರ್ಚಿ, ಧೂಳು ಹಿಡಿದ ಒಂದು ಮೈಕ್ರೋಸ್ಕೋಪು ಕಾಣುವುದುಂಟು. ಬಂಡವಾಳ ವೆಚ್ಚ ಎಂದು ಹೆಮ್ಮೆಯಿಂದ ಬರೆದಿಟ್ಟದ್ದು ಇದನ್ನೇ.

ಬೇರೆಯವರ ಹಣದಲ್ಲಿ ಜಾಲ ಕಟ್ಟುವ ಆಸೆ ಇನ್ನೊಂದು ತೊಡಕು. ‘ನಮ್ಮ ಕ್ಲಿನಿಕ್’ ನೋಡಿ. 2022ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ರಾಜ್ಯಕ್ಕೆ 438, ಅದರಲ್ಲಿ ಬೆಂಗಳೂರಿನ ವಾರ್ಡುಗಳಿಗೇ 243 ಕ್ಲಿನಿಕ್‌ಗಳನ್ನು ಯೋಜಿಸಲಾಯಿತು. ನಗರದ ಬಡಾವಣೆಯಲ್ಲಿ ಜ್ವರಕ್ಕೂ ಬಿ.ಪಿ.ಗೂ ಹತ್ತಿರದಲ್ಲೇ ಒಬ್ಬ ಸರ್ಕಾರಿ ವೈದ್ಯ ಸಿಗಬೇಕು ಎನ್ನುವ ಯೋಚನೆ ಅಪ್ಪಟ ಒಳ್ಳೆಯದು. ಅದರ ಹಣ ಬಂದದ್ದು 15ನೇ ಹಣಕಾಸು ಆಯೋಗದ ಆರೋಗ್ಯ ಅನುದಾನದಿಂದ. ಸ್ಥಳೀಯ ಸಂಸ್ಥೆಗಳ ಮೂಲಕ ದೇಶಕ್ಕೆಲ್ಲ 70,051 ಕೋಟಿ ಕೊಟ್ಟ ಆ ಅನುದಾನದ ಅವಧಿ 2021ರಿಂದ 2026ರ ಮಾರ್ಚ್‌ವರೆಗೆ. ಕ್ಲಿನಿಕ್‌ನ ಬೋರ್ಡಿನ ಮೇಲೆ ಮುಕ್ತಾಯದ ದಿನಾಂಕ ಇರುವುದಿಲ್ಲ. ಹಣದ ಆದೇಶದಲ್ಲಿ ಇರುತ್ತದೆ. ಪ್ರತಿ ಜಿಲ್ಲೆಗೂ ಸಮಗ್ರ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯ ಕೊಡುವ ಕೇಂದ್ರದ ಆಯುಷ್ಮಾನ್ ಭಾರತ್ ಮೂಲಸೌಕರ್ಯ ಮಿಷನ್ ಕೂಡ 2021ರಲ್ಲಿ ಆರಂಭವಾಗಿ 2025–26ರವರೆಗೆ ಎಂದು ಗೆರೆ ಎಳೆದುಕೊಂಡ ಯೋಜನೆಯೇ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕೇಂದ್ರ 60, ರಾಜ್ಯ 40ರ ಪಾಲುದಾರಿಕೆ ಇದೆ. ಅದರಡಿ ಕೆಲಸ ಮಾಡುವ ಗುತ್ತಿಗೆ ನೌಕರರು ಕಾಯಂಗೊಳಿಸಿ ಎಂದು 2023ರ ಫೆಬ್ರುವರಿಯಲ್ಲಿ ಮುಷ್ಕರ ಹೂಡಿದಾಗ, ರಾಜ್ಯದ ಆರೋಗ್ಯ ವ್ಯವಸ್ಥೆಯ ಎಷ್ಟು ಭಾಗ ತಾತ್ಕಾಲಿಕ ಸಹಿಯ ಮೇಲೆ ನಿಂತಿದೆ ಎನ್ನುವುದು ಎಲ್ಲರಿಗೂ ಕಂಡಿತು.

ಕೋವಿಡ್ ಕಾಲದ ಪ್ರಯೋಗಾಲಯಗಳ ಕಥೆಯೂ ಇಂಥದ್ದೇ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರದು. ಅವರ ಗಂಟಲು ದ್ರವದ ಮಾದರಿ ಪರೀಕ್ಷೆಗಾಗಿ ಬೆಂಗಳೂರಿನವರೆಗೆ ಬರಬೇಕಾಯಿತು. ಫಲಿತಾಂಶ ಖಚಿತವಾದಾಗ ರೋಗಿ ಬದುಕಿರಲಿಲ್ಲ. ಆಮೇಲೆ ತಿಂಗಳುಗಳಲ್ಲಿ ರಾಜ್ಯ ಜಿಲ್ಲೆ ಜಿಲ್ಲೆಗೂ ಆರ್‌ಟಿ–ಪಿಸಿಆರ್ ಲ್ಯಾಬ್ ಹಬ್ಬಿಸಿತು. ಅಷ್ಟು ವೇಗದಲ್ಲಿ ಅಷ್ಟು ದೊಡ್ಡ ಕೆಲಸ ಮಾಡಬಲ್ಲ ಸರ್ಕಾರ ಇದು ಎನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಸೋಂಕು ಇಳಿದ ಮೇಲೆ ಆ ಯಂತ್ರಗಳ ಮುಂದೆ ಕೂರಿಸಿದ್ದ ಹೊರಗುತ್ತಿಗೆಯವರ ಅಗತ್ಯವೂ ಇಳಿಯಿತು ಎಂದು ಲೆಕ್ಕ ಹಾಕಲಾಯಿತು. ಯಂತ್ರಕ್ಕೆ ಸಂಬಳ ಬೇಡ, ಅದಕ್ಕೇ ಅದು ಉಳಿಯಿತು.

ಹೊರಗಿನ ಹಣ ಪಡೆಯುವುದೇ ತಪ್ಪೇನಲ್ಲ. ಪಡೆಯುವ ರೀತಿಯೊಂದು ಈ ನಾಡಿಗೆ ಗೊತ್ತಿತ್ತು. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಪ್ರತ್ಯೇಕ ಆರೋಗ್ಯ ಇಲಾಖೆ ಕಟ್ಟಲು ಹೊರಟಿತು. ಮೂಡಿಗೆರೆ, ಹಿರಿಯೂರು, ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ತೆರೆದವು. ಕಾವೇರಿ ನಾಲೆಯ ನೀರು ಹರಿದ ಮಂಡ್ಯದಲ್ಲಿ ಗದ್ದೆಯ ಜೊತೆ ಸೊಳ್ಳೆಯೂ ಬೆಳೆದಾಗ ಅಲ್ಲಿ ಆರೋಗ್ಯ ಘಟಕ ಬಂತು. ಪ್ರತಿಷ್ಠಾನದ ಸಾಮಾನ್ಯ ಪದ್ಧತಿ ಹೀಗಿತ್ತು: ಮೊದಲ ವರ್ಷಗಳಲ್ಲಿ ಹೆಚ್ಚು ಪಾಲು ತನ್ನದು, ವರ್ಷ ಕಳೆದಂತೆ ಕಡಿಮೆ, ಕೊನೆಗೆ ಪೂರ್ತಿ ಹೊಣೆ ಸರ್ಕಾರದ್ದು. ಯಾವ ವರ್ಷ ಎಷ್ಟು ಹೊರೆ ತನ್ನ ಖಜಾನೆಗೆ ಬೀಳುತ್ತದೆ ಎನ್ನುವುದು ಮೊದಲೇ ಗೊತ್ತಿರುತ್ತಿತ್ತು. ಸಂಸ್ಥಾನದ ಬಳಿ ಇವತ್ತಿನ ಸರ್ಕಾರದ ಆದಾಯದ ಒಂದು ಚೂರೂ ಇರಲಿಲ್ಲ.

ಜಾಲದ ಬೆಲೆ ಏನು, ಅದು ಹರಿದರೆ ತೆರುವ ಬೆಲೆ ಏನು ಎನ್ನುವುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಮನುಷ್ಯರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನೇ ಪತ್ತೆ ಮಾಡಿದರು. ಉಣುಗು ಕಚ್ಚಿದರೆ ಹರಡುವ ಈ ಮಂಗನ ಕಾಯಿಲೆಗೆ ಇವತ್ತಿಗೂ ನಿರ್ದಿಷ್ಟ ಔಷಧಿ ಇಲ್ಲ. ಆದ್ದರಿಂದ ಇಲ್ಲಿ ತಡೆಯುವುದೇ ಚಿಕಿತ್ಸೆ. ತಡೆಯುವ ಸರಪಳಿ ಶುರುವಾಗುವುದು ಸತ್ತ ಮಂಗವನ್ನು ಕಂಡ ಒಬ್ಬ ಸೊಪ್ಪು ತರುವವಳಿಂದ. ಅವಳು ಆಶಾ ಕಾರ್ಯಕರ್ತೆಗೆ ಹೇಳಬೇಕು, ಅವಳು ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ಸುದ್ದಿ ಹೋಗಬೇಕು. ಉಣುಗು ಹಿಡಿದು ಲ್ಯಾಬಿಗೆ ಕಳಿಸಬೇಕು. ಸುತ್ತಲ ಮನೆಗಳಿಗೆ ಮೈಗೆ ಹಚ್ಚುವ ಎಣ್ಣೆ ಹಂಚಬೇಕು. ಲಸಿಕೆ ಇದ್ದ ಕಾಲದಲ್ಲಿ ಜ್ವರದ ಹಂಗಾಮು ಶುರುವಾಗುವ ಮೊದಲೇ ಎರಡು ಡೋಸು, ಮೇಲೊಂದು ಬೂಸ್ಟರ್ ಆಗಬೇಕಿತ್ತು.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಸರಪಳಿ ಹೊತ್ತಿಗೆ ಸರಿಯಾಗಿ ಕೆಲಸ ಮಾಡಲಿಲ್ಲ. ಹಲವು ಜೀವಗಳು ಹೋದವು. ಗಂಭೀರ ಸ್ಥಿತಿಯ ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಲಾಯಿತು. ಚಿಕಿತ್ಸೆಯ ವೆಚ್ಚ ಸರ್ಕಾರ ಭರಿಸಬೇಕು ಎಂಬ ಕೂಗು ಎದ್ದಿತು, ಸರ್ಕಾರ ಒಪ್ಪಿತು. ಬಜೆಟ್ ಪರಿಭಾಷೆಯಲ್ಲಿ ಹೇಳುವುದಾದರೆ ತಡೆಯುವ ಬಾಬ್ತಿನಲ್ಲಿ ಉಳಿಸಿದ ಹಣ ಚಿಕಿತ್ಸೆಯ ಬಾಬ್ತಿನಲ್ಲಿ ಹೊರಬಿತ್ತು. ಇಷ್ಟಾದ ಮೇಲೂ ಹಳೆಯ ಲಸಿಕೆಯ ಸಾಮರ್ಥ್ಯ ಕುಸಿದಿದೆ ಎಂದು ಅದರ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ದುರ್ಬಲ ಲಸಿಕೆಯನ್ನು ನಿಲ್ಲಿಸಿದ್ದು ಸರಿಯಾದ ತೀರ್ಮಾನ. ಅದು ದುರ್ಬಲವಾಗುವ ತನಕ ಬದಲಿಯ ಕೆಲಸ ಶುರುವಾಗಿರಲಿಲ್ಲ ಎನ್ನುವುದು ಮಾತ್ರ ಕ್ಷಮಿಸುವಂಥದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಹೊಸ ಲಸಿಕೆಯ ಕೆಲಸಕ್ಕೆ ಇಳಿದದ್ದು ಆಮೇಲೆ. ನಡುವಿನ ಹಂಗಾಮುಗಳಲ್ಲಿ ಮಲೆನಾಡಿನ ಜನ ಎಣ್ಣೆಯ ಬಾಟಲಿಯನ್ನು ನಂಬಿ ಕಾಡಿಗೆ ಹೋದರು.

ಇಂಥ ಉದಾಹರಣೆ ಕೊಟ್ಟ ಮೇಲೆ ‘ತಡೆಗೆ ಒಂದು ರೂಪಾಯಿ ಹಾಕಿದರೆ ಚಿಕಿತ್ಸೆಯಲ್ಲಿ ಹತ್ತು ಉಳಿಯುತ್ತದೆ’ ಎನ್ನುವ ಮಾತು ಸಲೀಸಾಗಿ ಬಂದುಬಿಡುತ್ತದೆ. ಆರ್ಥಿಕ ಇಲಾಖೆಯನ್ನು ಒಪ್ಪಿಸಲು ಆರೋಗ್ಯದವರು ಇದನ್ನು ಎಲ್ಲ ಕಡೆ ಹೇಳುತ್ತಾರೆ. ಇದು ಅರ್ಧ ಸತ್ಯ. ಲಸಿಕೆ, ಸೊಳ್ಳೆ ನಿಯಂತ್ರಣದಂಥ ಕೆಲಸಗಳಲ್ಲಿ ಉಳಿತಾಯ ಇದ್ದೀತು. ಆದರೆ ಒಳ್ಳೆಯ ಜಾಲ ಮೊದಲು ಮಾಡುವ ಕೆಲಸ, ಇಲ್ಲಿಯವರೆಗೆ ಲೆಕ್ಕಕ್ಕೆ ಸಿಗದ ರೋಗಿಗಳನ್ನು ಹುಡುಕುವುದು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಮನೆ ಬಾಗಿಲಿಗೆ ಹೋಗಿ ಬಿ.ಪಿ., ಸಕ್ಕರೆ ಪರೀಕ್ಷಿಸುತ್ತದೆ. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ ಎಂದು ವೈದ್ಯಕೀಯ ಸಂಶೋಧನಾ ಮಂಡಳಿ ನೆರವಿನ ಅಧ್ಯಯನ 2023ರಲ್ಲಿ ಹೇಳಿತ್ತು. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡ. ಇವರೆಲ್ಲ ಪತ್ತೆಯಾದರೆ ಅಷ್ಟು ಮಂದಿಗೆ ಬದುಕಿರುವವರೆಗೆ ದಿನಾ ಮಾತ್ರೆ ಕೊಡಬೇಕು. ಪಾರ್ಶ್ವವಾಯು, ಕಿಡ್ನಿ ವೈಫಲ್ಯ ತಪ್ಪಿದ್ದರ ಲಾಭ ಬರುವುದು ಹತ್ತಿಪ್ಪತ್ತು ವರ್ಷದ ಮೇಲೆ, ಅದೂ ಹೆಚ್ಚಾಗಿ ಆ ಕುಟುಂಬದ ಕಿಸೆಯಲ್ಲಿ. ಖಜಾನೆಯ ಲೆಕ್ಕದಲ್ಲಿ ಮೊದಲ ವರ್ಷಗಳಲ್ಲಿ ಕಾಣುವುದು ಏರಿದ ಔಷಧಿ ಬಿಲ್ಲು ಮಾತ್ರ. ಹಾಗಾಗಿ ಜಾಲವನ್ನು ಉಳಿತಾಯದ ಯೋಜನೆ ಎಂದು ಮಾರುವುದು ಅಪಾಯ. ಮೂರನೇ ವರ್ಷ ‘ಉಳಿತಾಯ ಎಲ್ಲಿ’ ಎಂದು ಕೇಳಿ ಕತ್ತರಿ ಹಾಕುತ್ತಾರೆ. ಜನ ಬದುಕುತ್ತಾರೆ ಎನ್ನುವುದೇ ಕಾರಣವಾಗಿ ಸಾಕು.

ಚಿಕಿತ್ಸೆಯ ಯೋಜನೆಗಳನ್ನು ಬೈದು ಜಾಲದ ಪರ ವಾದಿಸುವವರೂ ಇದ್ದಾರೆ. ಅದು ನ್ಯಾಯವಲ್ಲ. 2003ರಲ್ಲಿ ಸಹಕಾರಿ ರೈತರಿಗಾಗಿ ಬಂದ ಯಶಸ್ವಿನಿ, 2010ರ ವಾಜಪೇಯಿ ಆರೋಗ್ಯಶ್ರೀ ಬಡವರನ್ನು ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ತಲುಪಿಸಿದವು. ಆರೋಗ್ಯಶ್ರೀ ಜಾರಿಯಾದ ಗಡಿಯ ಹಳ್ಳಿಗಳನ್ನೂ ಆಗದ ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಆಗುವ ಸಾವು ಬಡ ಕುಟುಂಬಗಳಲ್ಲಿ ಗಣನೀಯವಾಗಿ ಕಡಿಮೆಯಾದದ್ದನ್ನು ತೋರಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದ ತಜ್ಞರ ಸಲಹೆಯಂತೆ ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ಯಂತೂ ಜಾಲ ಎಂದರೇನು ಎನ್ನುವುದಕ್ಕೆ ಒಳ್ಳೆಯ ಮಾದರಿ. ಕೊರತೆ ಇರುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಆ ಮೆಟ್ಟಿಲನ್ನು ಪಕ್ಕದ ತಮಿಳುನಾಡು ಎಂದೋ ಕಟ್ಟಿಕೊಂಡಿದೆ. 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆಯ ಕಾಲದಿಂದಲೂ ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಬೇರೆಯೇ ನಿರ್ದೇಶನಾಲಯ, ಬೇರೆ ಬಜೆಟ್, ಬೇರೆ ಅಧಿಕಾರಿ ವೃಂದ. ಆಪರೇಷನ್ ಮಾಡುವ ವೈದ್ಯ ಬಡ್ತಿಯ ಸರದಿ ಬಂತೆಂದು ಜಿಲ್ಲಾ ಆರೋಗ್ಯಾಧಿಕಾರಿಯಾಗಿ ಬಂದು ಕೂರುವುದಿಲ್ಲ. ಆ ಕೆಲಸವನ್ನೇ ಓದಿ, ಅದರಲ್ಲೇ ಪಳಗಿದವರು ಬರುತ್ತಾರೆ. 2004ರ ಸುನಾಮಿಯ ನಂತರ ಅಲ್ಲಿನ ಕರಾವಳಿಯ ಶಿಬಿರಗಳಲ್ಲಿ ದೊಡ್ಡ ಸಾಂಕ್ರಾಮಿಕ ಏಳಲಿಲ್ಲ. ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿದ ಮೋನಿಕಾ ದಾಸ್‌ಗುಪ್ತಾ ಮತ್ತು ಸಂಗಡಿಗರು, ಬಹುತೇಕ ರಾಜ್ಯಗಳ ಆಡಳಿತ ಮತ್ತು ಹಣಕಾಸಿನ ಶಕ್ತಿಗೆ ಇದು ನಿಲುಕುವಂಥದ್ದೇ ಎಂದರು. ಕರ್ನಾಟಕದಲ್ಲಿ ಹಳೆಯ ವೈದ್ಯಕೀಯ ಇಲಾಖೆ, ಆರೋಗ್ಯ ಇಲಾಖೆ ಒಂದಾದವು. ಒಂದಾದ ಮೇಲೆ ಯಾರ ದನಿ ಜೋರಾಗುತ್ತದೆ ಎಂದು ಹೇಳಬೇಕಿಲ್ಲ. ಐಸಿಯು ಮುಂದೆ ಚರಂಡಿ ಸೋಲುತ್ತದೆ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರ ವರದಿಯಲ್ಲಿ ರಾಜ್ಯದ ಆರೋಗ್ಯ ವ್ಯವಸ್ಥೆಯ ಹನ್ನೆರಡು ಮುಖ್ಯ ಸಮಸ್ಯೆಗಳನ್ನು ಪಟ್ಟಿ ಮಾಡಿತ್ತು. ಮೊದಲನೆಯದು ಭ್ರಷ್ಟಾಚಾರ, ಎರಡನೆಯದು ಸಾರ್ವಜನಿಕ ಆರೋಗ್ಯದ ನಿರ್ಲಕ್ಷ್ಯ. ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದ ರಚಿಸಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಎಲ್ಲ ರಾಜ್ಯಗಳಿಗೆ ಮಾರ್ಗಸೂಚಿಯನ್ನೇ ಕಳಿಸಿತು.

ವೃಂದವಿಲ್ಲದ ರಾಜ್ಯ ಮಳೆಗಾಲದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದಕ್ಕೆ 2024ರ ಡೆಂಗಿ ಸಾಕು. ಪ್ರಕರಣಗಳು 25 ಸಾವಿರ ದಾಟುತ್ತಿದ್ದ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ, ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಲಾಯಿತು. ನೀರು ನಿಲ್ಲಿಸಿಕೊಂಡ ಮನೆಯವರಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತಾಯಿತು. ಸೆಪ್ಟೆಂಬರ್ ಎಂದರೆ ಮುಂಗಾರು ಮುಗಿಯುವ ತಿಂಗಳು. ಲಾರ್ವಾ ಸಮೀಕ್ಷೆ ಮೇ ತಿಂಗಳಲ್ಲಿ ನಡೆಯಬೇಕಾದ ಕೆಲಸ. ಮಾಡಬೇಕಾದ ಕಿರಿಯ ಆರೋಗ್ಯ ಸಹಾಯಕನ ಹುದ್ದೆ ಖಾಲಿಯಿದ್ದರೆ ಅದು ಆಶಾ ಕಾರ್ಯಕರ್ತೆಯ ಹೆಗಲಿಗೆ ಬೀಳುತ್ತದೆ. ಗರ್ಭಿಣಿಯರ ಪಟ್ಟಿ, ಲಸಿಕೆಯ ಪಟ್ಟಿ, ಕ್ಷಯದ ಪಟ್ಟಿ, ಬಿ.ಪಿ. ಪಟ್ಟಿ, ಈಗ ಸೊಳ್ಳೆ ಮರಿಯ ಪಟ್ಟಿ. ಇಷ್ಟಕ್ಕೂ ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಆಶಾಗಳು ರಾತ್ರಿ ಕಳೆದ ಮೇಲೆ ತಿಂಗಳಿಗೆ ಕನಿಷ್ಠ 10 ಸಾವಿರದ ಭರವಸೆ ಹೊರಬಿತ್ತು. 42 ಸಾವಿರ ಮಂದಿಗೆ ಆ ಪೂರ್ತಿ ಹಣವನ್ನು ರಾಜ್ಯವೇ ಕೊಟ್ಟರೂ ವರ್ಷಕ್ಕೆ 504 ಕೋಟಿ. ತಾಲ್ಲೂಕು ಘಟಕಗಳ ಜಾಲದ 200 ಕೋಟಿ ಸೇರಿಸಿದರೂ 700 ಕೋಟಿಯ ಆಸುಪಾಸು. ಆರೋಗ್ಯ ಬಜೆಟ್‌ನ ಶೇ 4. ಕೆಳಗಿನ ಕೊಂಡಿಗೆ ಹೊಟ್ಟೆ ತುಂಬದಿದ್ದರೆ ಮೇಲೆ ಎಷ್ಟು ಕೀಟಶಾಸ್ತ್ರಜ್ಞರನ್ನು ಕೂರಿಸಿದರೂ ಅವರ ಮೇಜಿಗೆ ಬರುವುದು ತಡವಾದ, ಅಂದಾಜಿನ, ಭರ್ತಿ ಮಾಡಬೇಕೆಂದು ಭರ್ತಿ ಮಾಡಿದ ಅಂಕಿ.

ಮುಖ್ಯಮಂತ್ರಿಗಳು ಪ್ರತಿ ವರ್ಷ ಬಜೆಟ್‌ಗೆ ಮುನ್ನ ಇಲಾಖಾವಾರು ಸಭೆ ನಡೆಸುತ್ತಾರೆ. ಮುಂದಿನ ಸಭೆಯಲ್ಲಿ ಆರೋಗ್ಯ ಇಲಾಖೆ ಹೊಸ ಹೆಸರಿನ ಯೋಜನೆ ಕೇಳುವುದು ಬೇಡ, ಹೆಸರುಗಳು ಸಾಕಷ್ಟಿವೆ. ಅದು ಕೇಳಬೇಕಾದ್ದು ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆಯನ್ನು. ಅದರಿಂದ ಬೇರೆ ಬಾಬ್ತಿಗೆ ಹಣ ಎತ್ತದಂತೆ ನಿರ್ಬಂಧವನ್ನು. ತಾಲ್ಲೂಕು ಘಟಕಗಳನ್ನು ಒಂದೇ ವರ್ಷ ಎಲ್ಲೆಡೆ ತೆರೆಯಬೇಕಾಗಿಲ್ಲ. ಮಂಗನ ಕಾಯಿಲೆಯ ಮಲೆನಾಡು, ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮೊದಲು, ಉಳಿದವು ಮೂರು ವರ್ಷದಲ್ಲಿ. ಕೇಂದ್ರದ ಅನುದಾನ ಬಂದರೆ ಬರಲಿ, ಆದರೆ ಅದು ನಿಲ್ಲುವ ವರ್ಷದ ಮೊತ್ತವನ್ನು ರಾಜ್ಯದ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ಇವತ್ತೇ ಬರೆದಿಡಬೇಕು. ಇಷ್ಟಕ್ಕೆ ಹೊಸ ಕಾಯ್ದೆಯೂ ಬೇಡ, ಹೊಸ ತೆರಿಗೆಯೂ ಬೇಡ. ಆರ್ಥಿಕ ಖಾತೆಯನ್ನು ಮುಖ್ಯಮಂತ್ರಿಗಳೇ ಇಟ್ಟುಕೊಂಡಿರುವುದರಿಂದ ಸಹಮತಿಗಾಗಿ ಕಡತ ದೂರ ಹೋಗಬೇಕಾಗಿಯೂ ಇಲ್ಲ.